ರೇಡಿಯೇಟರಿಗೆ ಹಾಕಿದ ಅರಿಶಿನ

ಹೋದ ವಾರ ನನಗೆ ಸಿಕ್ಕಾಪಟ್ಟೆ ನೆಗಡಿ. ಸೊಸೆ ಒಂದು ಪಾತ್ರೆ ಕುದಿಯುವ ನೀರು ತಂದಿಟ್ಟು, ಅದಕ್ಕೆ ಒಂದು ಚಮಚ ಅರಿಶಿನ ಹಾಕಿ, "ಹಬೆ ತಗೊಳ್ಳಿ ಅತ್ತೆ" ಅಂತ ತಲೆಯ ಮೇಲೆ ಟವೆಲ್ಲು ಹೊದಿಸಿ ಹೋದಳು. ಬಿಸಿ ಅರಿಶಿನದ ವಾಸನೆ ಮೂಗಿಗೆ ಹೊಡೆದದ್ದೇ ತಡ, ಟವೆಲ್ಲಿನೊಳಗೆ ನನಗೆ ನಗು ಉಕ್ಕಿ ಬಂತು. ನಗುತ್ತಾ ನಗುತ್ತಾ ಕೆಮ್ಮು ಹತ್ತಿತು. ಸೊಸೆ ಗಾಬರಿಯಿಂದ ಓಡಿ ಬಂದು "ಏನಾಯ್ತು ಅತ್ತೆ?" ಅಂದಳು. "ಬಸ್ಸು ಕಣೇ, ಬಸ್ಸು" ಅಂದೆ. ನೆಗಡಿ ತಲೆಗೇರಿದೆ ಅಂದುಕೊಂಡಳೋ ಏನೋ, ಒಂದು ಜ್ವರದ ಮಾತ್ರೆಯನ್ನೂ ತಂದು ಪಕ್ಕದಲ್ಲಿಟ್ಟಳು.

ಅವಳಿಗೇನು ಗೊತ್ತು ಪಾಪ. ಕುದಿಯುವ ಅರಿಶಿನ ಅಂದರೆ ಅವಳಿಗೆ ನೆಗಡಿ, ಮಿಕ್ಕವರಿಗೆ ಸಾರು. ನನಗೆ ಮಾತ್ರ ನಮ್ಮ ಬೀದಿಯ ಹಳೇ ಬಸ್ಸು, ಅದನ್ನು ಓಡಿಸುತ್ತಿದ್ದ ಎದುರುಮನೆಯ ಡ್ರೈವರ್ ಮಾಮ...

ಇದು ಎಪ್ಪತ್ತರ ದಶಕದ ಮಾತು. ವಿಜಯನಗರ ಅಂತ ಹೆಸರಿಟ್ಟಿದ್ದರೇ ಹೊರತು ನಗರ ಇನ್ನೂ ಬಂದಿರಲಿಲ್ಲ. ಮಾರೇನಹಳ್ಳಿ ದಾಟಿ ಒಳಕ್ಕೆ ಬಂದರೆ ಸೈಟಿನ ಕಲ್ಲುಗಳು, ಲಂಟಾನ ಪೊದೆಗಳು, ಮಧ್ಯೆ ಮಧ್ಯೆ ಸುಣ್ಣ ಬಳಿದ ಒಂದೊಂದು ಮನೆ. ನಮ್ಮ ಬೀದಿಯಲ್ಲಿ ಹನ್ನೆರಡು ಮನೆಗಳಿದ್ದವು. ಬೀದಿಯ ಕೊನೆಗೆ ಒಂದು ಖಾಲಿ ಸೈಟು. ಅದೇ ನಮ್ಮ ಬಸ್ಸಿನ ಲಾಸ್ಟ್ ಸ್ಟಾಪು. ಅಲ್ಲಿಂದ ಮೆಜೆಸ್ಟಿಕ್ಕಿಗೆ ಹೋಗಿ ಬರುತ್ತಿದ್ದದ್ದು ಒಂದೇ ಒಂದು ಬಸ್ಸು. ಡ್ರೈವರ್ ಮಾಮ ಅದನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿದ್ದರು. ಮೊದಲು ಬೇರೆ ರೂಟಿನಲ್ಲಿತ್ತಂತೆ, ಮುದಿಯಾಯಿತು ಅಂತ ನಮ್ಮ ಕಡೆ ತಳ್ಳಿದಾಗ ಇವರೂ ಅದರ ಹಿಂದೆಯೇ ಬಂದು ನಮ್ಮ ಬೀದಿಯಲ್ಲಿ ಮನೆ ಹಿಡಿದಿದ್ದರು.

ಕುಳ್ಳಗಿನ ಆಳು, ದಪ್ಪ ಮೀಸೆ, ಕಾಕಿ ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಪಾನರು. ಮದುವೆಮನೆಗೆ ಹೋಗುವಾಗ ಬಿಳಿ ಅಂಗಿ ಹಾಕಿಕೊಂಡರೆ ಸ್ಪಾನರೂ ಅದರ ಜೇಬಿಗೆ ಬರುತ್ತಿತ್ತು. ಬಸ್ಸನ್ನು ಅವರು ಬಸ್ಸು ಅಂದದ್ದನ್ನು ನಾನು ಕೇಳಿಯೇ ಇಲ್ಲ. "ಇವಳು" ಅನ್ನುತ್ತಿದ್ದರು. "ಇವತ್ತು ಇವಳಿಗೆ ಮೈ ಸರಿ ಇಲ್ಲ", "ಇವಳಿಗೆ ಬೆಳಗಿನ ಚಳಿ ಆಗಲ್ಲ." ಅವರ ಹೆಂಡತಿ ಬಾಗಿಲಲ್ಲಿ ನಿಂತು, "ನಮ್ಮ ಮನೆ ನಲ್ಲಿ ಸೋರೋಕೆ ಶುರುವಾಗಿ ಆರು ತಿಂಗಳಾಯ್ತು. ಅವಳು ಒಂದು ಹನಿ ಸೋರಿಸಿದ್ರೆ ಸಾಕು, ಊಟ ಬಿಟ್ಟು ಓಡ್ತಾರೆ" ಅಂತ ಬೀದಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದರು. ಅದು ಸುಳ್ಳೇನಾಗಿರಲಿಲ್ಲ.

ಬಸ್ಸಿನ ಅವಸ್ಥೆ ಕೇಳಬೇಡಿ. ಕಿಟಕಿಗಳಲ್ಲಿ ಅರ್ಧ ಏರಿದ್ದು ಇಳಿಯುತ್ತಿರಲಿಲ್ಲ, ಇನ್ನರ್ಧ ಇಳಿದದ್ದು ಏರುತ್ತಿರಲಿಲ್ಲ. ಹಾರನ್ನು ತಿರುವಿನಲ್ಲಿ ಮಾತ್ರ ಕೂಗುತ್ತಿತ್ತು, ಅದೂ ಎಡಕ್ಕೆ ತಿರುಗಿದರೆ. ವಾರದಲ್ಲಿ ಮೂರು ದಿನ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಟೈ ಕಟ್ಟಿದ ಬ್ಯಾಂಕಿನವರು, ಪಂಚೆಯ ಮೇಷ್ಟ್ರು, ಎಲ್ಲರೂ ಊಟದ ಡಬ್ಬಿಗಳನ್ನು ಕಿಟಕಿಯಿಂದ ಹೆಂಗಸರ ಕೈಗೆ ಕೊಟ್ಟು ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಕಂಡಕ್ಟರು "ಟಿಕೆಟ್ ಇರೋರು ಎಡಗಡೆ ತಳ್ಳಿ, ಪಾಸ್ ಇರೋರು ಬಲಗಡೆ ತಳ್ಳಿ" ಅಂತ ಕೂಗುತ್ತಿದ್ದ. ಯಾಕೆ ಹಾಗೆ ಅಂತ ಯಾರೂ ಕೇಳಲಿಲ್ಲ, ಹಾಗೆಯೇ ತಳ್ಳುತ್ತಿದ್ದರು.

ಒಂದು ಹೊಸ ರೇಡಿಯೇಟರಿಗಾಗಿ ಡ್ರೈವರ್ ಮಾಮ ಡಿಪೋದಲ್ಲಿ ಎಷ್ಟು ಸಲ ಚೀಟಿ ಬರೆದು ಕೊಟ್ಟಿದ್ದರೋ ಲೆಕ್ಕವಿಲ್ಲ. ದುಡ್ಡಿಲ್ಲ ಅಂತ ವಾಪಸ್ಸು ಬರುತ್ತಿತ್ತು. ಒಂದು ದಿನ ನಮ್ಮಪ್ಪ ಜಗಲಿಯಲ್ಲಿ ಕೂತು, "ಅದು ಹೇಗ್ರೀ ದುಡ್ಡಿರಲ್ಲ, ನಾವು ಟಿಕೆಟ್ಟಿಗೆ ಕೊಡೋದು ಏನಾಗುತ್ತೆ?" ಅಂತ ಕೇಳಿದ್ದರು. ಡ್ರೈವರ್ ಮಾಮ ನೆಲದ ಮೇಲೆ ಬೆರಳಿನಿಂದ ಒಂದು ಸೊನ್ನೆ ಬರೆದರು. "ನೋಡಿ ಸ್ವಾಮಿ. ನಮ್ಮ ರೂಟು ಲಾಸು ಅಂತ ಸಾಮಾನು ಕೊಡಲ್ಲ. ಸಾಮಾನಿಲ್ದೆ ಇವಳು ಮಧ್ಯೆ ನಿಂತುಬಿಡ್ತಾಳೆ. ನಿಂತುಬಿಡ್ತಾಳೆ ಅಂತ ಜನ ನಡ್ಕೊಂಡು ಹೋಗ್ತಾರೆ. ನಡ್ಕೊಂಡು ಹೋದ್ರೆ ರೂಟು ಲಾಸು." ಸೊನ್ನೆಯ ಮೇಲೆ ಬೆರಳು ಎರಡು ಸುತ್ತು ಹೊಡೆದಿತ್ತು. ಮಾರನೆಯ ದಿನ ಅಪ್ಪನೂ ನಡೆದುಕೊಂಡೇ ಹೋದರು.

ರೇಡಿಯೇಟರು ಸಿಗದಿದ್ದಾಗ ಅರಿಶಿನ ಬಂತು. ಒಂದು ಬೆಳಿಗ್ಗೆ ಡ್ರೈವರ್ ಮಾಮ ನಮ್ಮ ಮನೆ ಬಾಗಿಲಿಗೆ ಬಂದು, "ಅಮ್ಮಾ, ಒಂದು ಬಕೀಟು ನೀರು, ಒಂದು ಚಮಚ ಅರಿಶಿನದ ಪುಡಿ ಕೊಡ್ತೀರಾ?" ಅಂತ ಕೇಳಿದರು. ಯಾರಿಗೋ ಗಾಯವಾಗಿದೆ ಅಂದುಕೊಂಡು ಅಮ್ಮ ಹತ್ತಿಬಟ್ಟೆಯನ್ನೂ ಹಿಡಿದುಕೊಂಡು ಓಡಿದಳು. ಮಾಮ ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬಿ, ಅರಿಶಿನ ಹಾಕಿ ಮುಚ್ಚಿದರು. ಸಣ್ಣ ತೂತುಗಳಲ್ಲಿ ಪುಡಿ ಹೋಗಿ ಕೂತು ಉಬ್ಬಿ, ಸೋರುವುದನ್ನು ನಿಲ್ಲಿಸುತ್ತದಂತೆ. ನಿಜವಾಗಿಯೂ ಆ ದಿನ ಬಸ್ಸು ಎಲ್ಲೂ ನಿಲ್ಲದೆ ಮೆಜೆಸ್ಟಿಕ್ ತಲುಪಿತು. "ಆದ್ರೆ ಒಂದೇ ಚಮಚ. ಹೆಚ್ಚಾದ್ರೆ ಇವಳಿಗೆ ಗಂಟಲು ಕಟ್ಟಿಬಿಡುತ್ತೆ" ಅಂತ ಅವರು ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ.

ಆವತ್ತಿನಿಂದ ಬೀದಿಯಲ್ಲಿ ಸರದಿ ಶುರುವಾಯಿತು. ದಿನಕ್ಕೊಂದು ಮನೆಯಿಂದ ಬಕೀಟು ನೀರು, ಒಂದು ಚಮಚ ಅರಿಶಿನ. ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ ಬಂದ ಬಸ್ಸು ಆಫೀಸ್ ಟ್ರಿಪ್ಪಿಗೆ ಮುಂಚೆ ಖಾಲಿ ಸೈಟಿನಲ್ಲಿ ಕಾಲುಗಂಟೆ ನಿಲ್ಲುತ್ತಿತ್ತಲ್ಲ, ಆಗ. ಹೆಂಗಸರ ಕೈಗೆ ಬಂದ ಮೇಲೆ ಯಾವುದು ತಾನೇ ಬರೀ ರಿಪೇರಿಯಾಗಿ ಉಳಿಯುತ್ತೆ ಹೇಳಿ. ಒಂದು ಶುಕ್ರವಾರ ಮೂಲೆಮನೆಯ ಅಜ್ಜಿ ಅರಿಶಿನ ಕೊಟ್ಟವರು ಬಾನೆಟ್ಟಿಗೆ ಕುಂಕುಮವನ್ನೂ ಇಟ್ಟರು. ಮುಂದಿನ ಶುಕ್ರವಾರ ಹೂವು ಬಂತು. ತಿಂಗಳೊಪ್ಪತ್ತಿನಲ್ಲಿ ನಮ್ಮ ಬೀದಿಯ ಹೆಂಗಸರಿಗೆ ತೂತು, ಸೋರಿಕೆ ಎಲ್ಲ ಮರೆತುಹೋಗಿ, ಬಸ್ಸು ಓಡುತ್ತಿರುವುದೇ ಅರಿಶಿನದ ಮಹಿಮೆಯಿಂದ ಅಂತ ಆಗಿಬಿಟ್ಟಿತ್ತು. ಎಂಜಿನ್ನು ಕಾದಾಗ ಬಸ್ಸಿನ ತುಂಬ ಹುಳಿ ಕುದಿಸಿದ ವಾಸನೆ. ದಾರಿಯಲ್ಲಿ ಟೋಲ್‌ಗೇಟ್ ಸ್ಟಾಪಿನಲ್ಲಿ ಹತ್ತಿದ ಹೊಸಬರು ಮೂಗೆಳೆದು ಯಾರ ಡಬ್ಬಿ ಮಗುಚಿದೆ ಅಂತ ಸೀಟಿನ ಕೆಳಗೆ ಬಗ್ಗಿ ನೋಡುತ್ತಿದ್ದರು.

ಇನ್ನು ನನ್ನ ವಿಷಯ. ನನಗೆ ಆಗ ಇಪ್ಪತ್ತೊಂದು. ಕಬ್ಬನ್ ಪಾರ್ಕಿನ ಹತ್ತಿರದ ಒಂದು ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿ ನಾಲ್ಕು ತಿಂಗಳಾಗಿತ್ತು. ನಮ್ಮ ಮನೆತನದಲ್ಲಿ ಸಂಬಳ ತಂದ ಮೊದಲ ಹೆಣ್ಣು ನಾನೇ. ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಮನೆ ಮುಂದೆ ಬಸ್ಸು ಹತ್ತಬೇಕು, ಮನೆ ಮುಂದೆ ಇಳಿಯಬೇಕು. "ಬಸ್ಸಿದ್ರೆ ಕೆಲಸ. ಬಸ್ ನಿಂತರೆ ಜಾತಕ" ಅಂದಿದ್ದರು. ನನ್ನ ಜಾತಕದ ಎರಡು ಪ್ರತಿ ಬರೆಸಿ ದೇವರಮನೆಯ ಗೂಡಿನಲ್ಲಿ ಸಿದ್ಧವಾಗಿಯೂ ಇಟ್ಟಿದ್ದರು. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ಆ ಲಕೋಟೆ ಕಣ್ಣಿಗೆ ಬೀಳುತ್ತಿತ್ತು. ಆ ಹಳೇ ಬಸ್ಸು ಕೆಮ್ಮಿದರೂ ನನಗೆ ಅದೇ ಲಕೋಟೆ ನೆನಪಾಗುತ್ತಿತ್ತು.

ಹಾಗಿರುವಾಗ ಒಂದು ಸೋಮವಾರ ಡ್ರೈವರ್ ಮಾಮ ಸಪ್ಪೆ ಮುಖ ಹಾಕಿಕೊಂಡು ಬಂದರು. ನಷ್ಟದ ರೂಟುಗಳನ್ನು ನಿಲ್ಲಿಸುತ್ತಾರಂತೆ. ಗುರುವಾರ ಆಫೀಸ್ ಟ್ರಿಪ್ಪಿಗೆ ಹೆಡ್ಡಾಫೀಸಿನ ಸಾಹೇಬರು ಒಬ್ಬರು ಖುದ್ದಾಗಿ ಬಂದು ಕೂತು ಜನರನ್ನು ಎಣಿಸುತ್ತಾರಂತೆ. ಸೀಟು ತುಂಬದಿದ್ದರೆ ಮುಂದಿನ ತಿಂಗಳಿನಿಂದ ಬಸ್ಸು ಟೋಲ್‌ಗೇಟಿನಲ್ಲೇ ವಾಪಸ್ಸು ತಿರುಗುತ್ತದೆ, ಮಾಮ ಬೇರೆ ಕಡೆಗೆ, ಅವರ "ಇವಳು" ಗುಜರಿಗೆ. "ಹನ್ನೊಂದು ವರ್ಷ ನೋಡ್ಕೊಂಡೆ. ರಿಟೈರಾಗೋಕೆ ಇನ್ನು ಎರಡು ವರ್ಷ. ಅಲ್ಲೀವರೆಗೆ ಎಳೆದುಬಿಡ್ತೀನಿ ಅಂದ್ಕೊಂಡಿದ್ದೆ" ಅಂದವರು ಜೇಬಿನ ಸ್ಪಾನರನ್ನು ತೆಗೆದು ಒರೆಸುತ್ತಾ ಕೂತರು.

ಅದಕ್ಕೆ ಉತ್ತರ ಕೊಟ್ಟವರು ಪಕ್ಕದ ಮನೆಯ ಹುಬ್ಬಳ್ಳಿ ಅಕ್ಕ. ಅವರ ಯಜಮಾನರು ಬಟ್ಟೆ ವ್ಯಾಪಾರಕ್ಕೆ ಅಂತ ಇಲ್ಲಿಗೆ ಬಂದವರು. ಅಕ್ಕನ ದನಿ ಎರಡು ಬೀದಿಗೆ ಕೇಳುವಂಥದ್ದು. "ಸೀಟ್ ತುಂಬಿದ್ರ ಮುಗೀತಲ್ರೀ? ತುಂಬಿಸೋಣಂತ! ಬೀದ್ಯಾಗ ಇಷ್ಟ್ ಮಂದಿ ಅದೀವಿ, ಎಲ್ಲಾರೂ ಹತ್ತೋದು. ಏನ್ ಚಿಂತಿ ಮಾಡಬ್ಯಾಡ್ರಿ ಅಣ್ಣಾರ" ಅಂದರು. ಡ್ರೈವರ್ ಮಾಮ ತಲೆ ಕೆರೆದುಕೊಂಡು, "ನಲವತ್ತು ಜನ ಸಾಕಮ್ಮ. ಅದಕ್ಕಿಂತ ಹೆಚ್ಚಾದ್ರೆ ಇವಳ ಕೈಲಿ ಆಗಲ್ಲ" ಅಂದರು. ಅಷ್ಟು ಹೊತ್ತಿಗೆ ಹುಬ್ಬಳ್ಳಿ ಅಕ್ಕ ಆಚೆ ಮನೆಯ ಗೇಟಿನಲ್ಲಿದ್ದರು.

ಗುರುವಾರ ಬೆಳಿಗ್ಗೆ ಬೀದಿ ಹಬ್ಬದ ಮನೆಯಂತಾಗಿತ್ತು. ನಾಲ್ಕು ವರ್ಷದಿಂದ ಹೊಸ್ತಿಲು ದಾಟದ ಮೂಲೆಮನೆ ಅಜ್ಜಿ ರೇಷ್ಮೆ ಸೀರೆ ಉಟ್ಟು ಸಿದ್ಧ. ಹುಬ್ಬಳ್ಳಿ ಅಕ್ಕ ರೊಟ್ಟಿಗಂಟು ಕಟ್ಟಿದ್ದರು. ಒಬ್ಬರು ಗೋಧಿ ಡಬ್ಬ ತಂದಿದ್ದರು, ಮೆಜೆಸ್ಟಿಕ್ಕಿನಲ್ಲಿ ಹಿಟ್ಟು ಬೀಸಿಸಿಕೊಂಡು ಬರುತ್ತಾರಂತೆ. ಅಪ್ಪ ಆಫೀಸಿಗೆ ರಜ ಹಾಕಿ ಕೋಟು ತೊಟ್ಟಿದ್ದರು. ಜಾತಕ ಬರೆಸಿಟ್ಟ ಅದೇ ಅಪ್ಪ! ಕೇಳಿದರೆ "ಬೀದಿಯ ಮರ್ಯಾದೆ ಪ್ರಶ್ನೆ" ಅಂದರು. ಎಲ್ಲರೂ ಒಂದೇ ಬೀದಿಯವರು ಅಂತ ಸಾಹೇಬರಿಗೆ ಗೊತ್ತಾದರೆ ನಾಟಕ ಬಯಲಾಗುತ್ತದೆ, ಆದ್ದರಿಂದ ಬಸ್ಸಿನೊಳಗೆ ಯಾರಿಗೂ ಯಾರ ಪರಿಚಯವೂ ಇಲ್ಲ ಅಂತ ತೀರ್ಮಾನವಾಗಿತ್ತು.

ನನಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಜನ ಹೆಚ್ಚಾದರೆ ಭಾರ ಹೆಚ್ಚು, ಭಾರ ಹೆಚ್ಚಾದರೆ ಕಾವು ಹೆಚ್ಚು, ಕಾವು ಹೆಚ್ಚಾದರೆ ಸೋರಿಕೆ ಹೆಚ್ಚು. ಹಾಗಾದರೆ ಅರಿಶಿನವೂ ಹೆಚ್ಚು ಬೇಕಲ್ಲವೇ? ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಒಳ್ಳೆ ಮಾರ್ಕ್ಸ್ ತೆಗೆದವಳ ಲೆಕ್ಕ ಅದು. ಡ್ರೈವರ್ ಮಾಮ ಎಂದಿನಂತೆ ಒಂದು ಚಮಚ ಹಾಕಿ ಮುಚ್ಚಿ, ಉಪ್ಪಿಟ್ಟು ತಿನ್ನಲು ಮನೆಗೆ ಹೋದರು. ಕಂಡಕ್ಟರು ಹಿಂದಿನ ಸೀಟಿನಲ್ಲಿ ಒರಗಿದ್ದ. ನಾನು ಡಬ್ಬಿಯಿಂದ ಒಂದು ಹಿಡಿ ಅರಿಶಿನವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ, ಅತ್ತ ಇತ್ತ ನೋಡಿ, ಸುರಿದು ಬಂದೆ. ಒಂದು ಹಿಡಿ. ಚಮಚ ಅಲ್ಲ. "ಒಂದೇ ಚಮಚ" ಅಂದದ್ದು ನೆನಪಿತ್ತು, ಆದರೆ ದೇವರಮನೆಯ ಲಕೋಟೆ ಅದಕ್ಕಿಂತ ಚೆನ್ನಾಗಿ ನೆನಪಿತ್ತು. ಕೈಯನ್ನು ಒಳಲಂಗದ ಅಂಚಿಗೆ ಒರೆಸಿಕೊಂಡು ಏನೂ ಗೊತ್ತಿಲ್ಲದವಳ ಹಾಗೆ ಬಸ್ ಹತ್ತಿದೆ.

ಸಾಹೇಬರು ಬಂದರು. ಬಿಳಿ ಪ್ಯಾಂಟು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬುಶ್ ಶರ್ಟು, ಕೈಯಲ್ಲೊಂದು ಪ್ಯಾಡು. ಡ್ರೈವರ ಹಿಂದಿನ ಸೀಟಿನಲ್ಲಿ ಕೂತರು. ಆಮೇಲೆ ಜನ ಹತ್ತತೊಡಗಿದರು. ಹತ್ತಿದರು, ಹತ್ತಿದರು, ಹತ್ತುತ್ತಲೇ ಇದ್ದರು. ಹುಬ್ಬಳ್ಳಿ ಅಕ್ಕ ಪಕ್ಕದ ಎರಡು ಬೀದಿಗೂ ಹೇಳಿಬಿಟ್ಟಿದ್ದರು. ನಲವತ್ತು ದಾಟಿ, ಐವತ್ತು ದಾಟಿ, ಕೊನೆಗೆ ಎಂಬತ್ತರ ಹತ್ತಿರ ಜನ. ಡ್ರೈವರ್ ಮಾಮ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದರು. ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು.

ಒಳಗೆ ನಾಟಕ ಜೋರಾಗಿ ನಡೆದಿತ್ತು. ಅಪ್ಪ ನಮ್ಮಮ್ಮನಿಗೆ, "ತಾಯೀ, ಸ್ವಲ್ಪ ಆ ಕಡೆ ಜರುಗ್ತೀರಾ?" ಅಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಪ್ಪ ಅಮ್ಮನಿಗೆ ಬಹುವಚನ ಬಳಸಿದ್ದು ಅದೇ ಮೊದಲು. ಅಮ್ಮ ಕೆಂಪಾಗಿ, "ಆಗಲಿ, ಕೂತ್ಕೊಳ್ಳಿ" ಅಂದಳು. ಸಾಹೇಬರು ಮೂಲೆಮನೆ ಅಜ್ಜಿಯನ್ನು "ಎಲ್ಲಿಗೆ ಅಜ್ಜಿ ಹೊರಟಿದ್ದು?" ಅಂತ ವಿಚಾರಿಸಿದರು. ಅಜ್ಜಿ ಸುತ್ತಲೂ ನೋಡಿ, "ಎಲ್ಲಿಗೆ ಅಂತ ಇನ್ನೂ ಯಾರೂ ಹೇಳಿಕೊಟ್ಟಿಲ್ಲಪ್ಪ" ಅಂದರು. ಗೋಧಿ ಡಬ್ಬದವರಿಗೆ ಕೆಮ್ಮು ಬಂತು, ನಮ್ಮಪ್ಪನಿಗೂ ಬಂತು. ಸಾಹೇಬರು ಒಂದು ಕ್ಷಣ ಅಜ್ಜಿಯನ್ನೇ ನೋಡಿ, ವಯಸ್ಸಾಗಿದೆ ಪಾಪ ಅನ್ನುವಂತೆ ತಲೆ ಆಡಿಸಿ ಪ್ಯಾಡಿನಲ್ಲಿ ಏನೋ ಬರೆದುಕೊಂಡರು.

ಟೋಲ್‌ಗೇಟ್ ಹತ್ತಿರ ಬರುವಾಗ ವಾಸನೆ ಶುರುವಾಯಿತು. ಎಂದಿನ ವಾಸನೆಯಲ್ಲ. ನೂರು ಎಲೆಯ ಊಟಕ್ಕೆ ಹುಳಿ ಇಟ್ಟ ಹಾಗೆ. ಬಾನೆಟ್ಟಿನ ಸಂದಿಯಿಂದ ಹಳದಿ ಹೊಗೆ ಎದ್ದಿತು. ಬಸ್ಸು ಎರಡು ಸಲ ಬಿಕ್ಕಳಿಸಿ ರಸ್ತೆಯ ಪಕ್ಕಕ್ಕೆ ಹೋಗಿ ನಿಂತುಬಿಟ್ಟಿತು. ಡ್ರೈವರ್ ಮಾಮ ಗೋಣಿಚೀಲ ಹಿಡಿದು ಇಳಿದರು. ಸಾಹೇಬರೂ ಇಳಿದರು. ಅವರ ಹಿಂದೆ, ಪರಿಚಯವೇ ಇಲ್ಲದ ನಾವೆಲ್ಲರೂ ಇಳಿದೆವು.

"ಏನ್ರೀ ಆಯ್ತು? ತೆಗೀರಿ, ನೋಡೋಣ" ಅಂದರು ಸಾಹೇಬರು.

"ಸ್ವಲ್ಪ ಆರಲಿ ಸಾರ್. ನೀವು ದೂರ ನಿಂತ್ಕೊಳ್ಳಿ."

"ನನಗೆ ಟೈಮಿಲ್ಲ. ತೆಗೀರಿ."

ಮಾಮ ಎಲ್ಲರನ್ನೂ ಹಿಂದಕ್ಕೆ ಸರಿಸಿ, ಗೋಣಿಚೀಲವನ್ನು ಮುಚ್ಚಳದ ಮೇಲೆ ಹಾಕಿ, ಮುಖ ಆ ಕಡೆ ತಿರುಗಿಸಿ ಮೆಲ್ಲಗೆ ಸಡಿಲಿಸಿದರು. ಬುಸ್ ಅಂತ ಒಂದು ಸದ್ದು. ಗೋಣಿಚೀಲ ಮುಚ್ಚಳದ ಸಮೇತ ಹಾರಿಹೋಯಿತು. ಹಿಂದೆಯೇ ಹಳದಿ ನೀರು ಎರಡಾಳೆತ್ತರ ಚಿಮ್ಮಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಇಷ್ಟು ಜನರನ್ನು ಬಿಟ್ಟು ಸೀದಾ ಸಾಹೇಬರ ಮೇಲೆ ಸುರಿಯಿತು. ಮೇಲೆ ಹೋಗಿ ಬರುವಷ್ಟರಲ್ಲಿ ಆರಿತ್ತು, ಪುಣ್ಯಕ್ಕೆ ಸುಡಲಿಲ್ಲ. ಆದರೆ ತಲೆಗೂದಲಿನಿಂದ ಚಪ್ಪಲಿಯವರೆಗೆ ಒಂದು ಬಿಳಿ ಎಳೆ ಉಳಿದಿರಲಿಲ್ಲ. ಹುಬ್ಬಳ್ಳಿ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು, "ಸಾಹೇಬ್ರಿಗೆ ಅರಿಶಿಣ ಹಚ್ಚೋ ಶಾಸ್ತ್ರ ಆತ್ ನೋಡ್ರಿ" ಅಂದರು. ಪಿಸುಗುಟ್ಟಿದ್ದೇನೋ ನಿಜ, ಆದರೆ ಅವರ ದನಿ ಎಂಥದ್ದು ಅಂತ ಆಗಲೇ ಹೇಳಿದ್ದೇನೆ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಏನ್ರೀ ಇದು?" ಅಂದರು. ಮಾಮ ರೇಡಿಯೇಟರಿನ ಬಾಯೊಳಗೆ ಬೆರಳು ಹಾಕಿ ತೆಗೆದರು. ಬೆರಳ ತುದಿಗೆ ಗಟ್ಟಿ ಹಳದಿ ಮುದ್ದೆ. ಅದನ್ನು ನೋಡಿದರು. ಆಮೇಲೆ ತಲೆ ಎತ್ತಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಎಲ್ಲರೂ ಯಾಕೆ ನೆಲ ನೋಡುತ್ತಿದ್ದಾರೆ ಅಂತ ನನಗೆ ಆಗ ಹೊಳೆಯಲಿಲ್ಲ, ಯಾಕೆಂದರೆ ನಾನೂ ನೆಲವನ್ನೇ ನೋಡುತ್ತಿದ್ದೆ.

ಅವರು ನಿಜ ಹೇಳಬಹುದಿತ್ತು. ಯಾರೋ ತಿಳಿಯದೆ ಅರಿಶಿನ ತುಂಬಿದ್ದಾರೆ ಸಾರ್, ಡಿಪೋದಲ್ಲಿ ಅರ್ಧ ದಿನ ತೊಳೆದರೆ ಗಾಡಿ ಸರಿಹೋಗುತ್ತೆ ಅಂದಿದ್ದರೆ ಅವರ ಬಸ್ಸು ಉಳಿಯುತ್ತಿತ್ತು. ಆದರೆ ಯಾರು ಹಾಕಿದ್ದು, ಯಾಕೆ ಹಾಕಿದ್ದು ಅಂತ ಕೇಳುತ್ತಾ ಹೋದರೆ ಇಡೀ ಬೀದಿ ಸಿಕ್ಕಿಬೀಳುತ್ತಿತ್ತು. ಎಂಬತ್ತು ಜನರ ನಾಟಕ ಬಯಲಾಗಿ ರೂಟೇ ಹೋಗುತ್ತಿತ್ತು. ಮಾಮ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ತುಕ್ಕು ಸಾರ್" ಅಂದರು.

"ತುಕ್ಕಾ? ಹುಳಿ ವಾಸನೆ ಬರ್ತಾ ಇದೆಯಲ್ರೀ?"

"ತುಂಬಾ ಹಳೇ ತುಕ್ಕು ಸಾರ್."

"ಒಳಗೆಲ್ಲಾ ಹೀಗೇನಾ? ಹಾಗಾದ್ರೆ ಈ ಗಾಡಿ ಕಂಡಮ್ ಮಾಡಬೇಕು ಕಣ್ರೀ."

ಮಾಮ ಬಾನೆಟ್ಟಿನ ಮೇಲೆ ಕೈಯಿಟ್ಟರು. ಕಾದಿತ್ತೇನೋ, ತೆಗೆದರು, ಮತ್ತೆ ಇಟ್ಟರು. "ಹೌದು ಸಾರ್" ಅಂದರು... ಆ ದನಿ ನನಗೆ ಇನ್ನೂ ಕೇಳಿಸುತ್ತದೆ.

ಸಾಹೇಬರು ಹಳದಿ ಹತ್ತಿದ ಪ್ಯಾಡಿನ ಮೇಲೆ ಅಲ್ಲೇ ನಿಂತು ಬರೆದರು. ಈ ರೂಟಿನಲ್ಲಿ ವಿಪರೀತ ಜನ, ಇಂಥ ಗಾಡಿ ಸಾಲದು, ಹೊಸದನ್ನು ಕೊಡಬೇಕು ಅಂತ. ಅಪ್ಪ ಅದನ್ನು ಓರೆಗಣ್ಣಿನಲ್ಲಿ ಓದಿಕೊಂಡು ಬಂದು ಹೇಳಿದಾಗ ಜನ ಚಪ್ಪಾಳೆ ತಟ್ಟಿಬಿಟ್ಟರು. ಪರಿಚಯವಿಲ್ಲದವರು ಅನ್ನುವುದನ್ನು ಮರೆತು ಅಪ್ಪ ಅಮ್ಮನ ಭುಜ ತಟ್ಟಿದರು. ಸಾಹೇಬರು ಹುಬ್ಬೇರಿಸಿದ್ದನ್ನು ನೋಡಿ ಅಮ್ಮ ಅಪ್ಪನ ಕೈಯನ್ನು ಕೊಡವಿ, "ಏನ್ರೀ ಇದು, ಮರ್ಯಾದೆ ಇಲ್ವಾ?" ಅಂತ ದಬಾಯಿಸಿದಳು. ಎಲ್ಲರೂ ನಗುತ್ತಿದ್ದಾಗ ಡ್ರೈವರ್ ಮಾಮ ಒಬ್ಬರೇ ರಸ್ತೆಯ ಆಚೆ ಹೋಗಿ ಹಾರಿಬಿದ್ದ ಮುಚ್ಚಳವನ್ನು ಹುಡುಕುತ್ತಿದ್ದರು. ಹುಡುಕಿ ತಂದು, ಒರೆಸಿ, ಅದರ ಜಾಗಕ್ಕೆ ತಿರುಗಿಸಿ ಕೂರಿಸಿದರು. ಸಂಜೆ ಒಂದು ಲಾರಿ ಬಂದು ಬಸ್ಸನ್ನು ಎಳೆದುಕೊಂಡು ಹೋಯಿತಂತೆ. ಅಲ್ಲಿಯವರೆಗೂ ಅವರು ಅಲ್ಲೇ ಇದ್ದರಂತೆ.

ಕೆಲವು ವಾರದಲ್ಲಿ ಹೊಸ ಬಸ್ಸು ಬಂತು. ಬೀದಿಯೆಲ್ಲ ಸೇರಿ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದೆವು. ಅದರ ಜೊತೆ ಹೊಸ ಡ್ರೈವರೂ ಬಂದಿದ್ದ, ಕ್ರಾಪು ತಿದ್ದಿದ ಹುಡುಗ. ರಿಟೈರಾಗುವವರಿಗೆ ಹೊಸ ಗಾಡಿ ಯಾಕೆ ಅಂತ ಡ್ರೈವರ್ ಮಾಮನನ್ನು ಡಿಪೋದೊಳಗೇ ಹಾಕಿದ್ದರು. ತೊಳೆದ ಬಸ್ಸುಗಳನ್ನು ಈ ಸಾಲಿನಿಂದ ಆ ಸಾಲಿಗೆ ನಿಲ್ಲಿಸುವ ಕೆಲಸ. ದಿನವಿಡೀ ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಪೂಜೆಯ ದಿನ ಅವರೂ ಬಂದು ಹೊಸ ಬಸ್ಸಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ಟು ಎತ್ತಿ ನೋಡಿದರು. "ಚೆನ್ನಾಗಿದೆ. ಇದಕ್ಕೆ ನಮ್ಮಂಥೋರು ಯಾರೂ ಬೇಕಾಗಿಲ್ಲ" ಅಂದು ಪೂಜೆಯ ಚರುಪು ಈಸಿಕೊಂಡು ಮನೆಗೆ ಹೋದರು. ನನ್ನ ಜಾತಕ ಗೂಡಿನಲ್ಲೇ ಉಳಿಯಿತು. ನಾನು ಹೊಸ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆಫೀಸಿಗೆ ಹೋಗಿ ಬಂದೆ. ಅವತ್ತು ಖುಷಿಯಾಗಲಿಲ್ಲ ಅಂದರೆ ಸುಳ್ಳು ಹೇಳಿದಂತಾಗುತ್ತದೆ.

ಅಸಲು ಸಂಗತಿ ಆಮೇಲೆ ಹೊರಗೆ ಬಿತ್ತು. ಆ ಗುರುವಾರ ಮಾಮ ಉಪ್ಪಿಟ್ಟು ತಿನ್ನಲು ಹೋದ ಕಾಲುಗಂಟೆಯಲ್ಲಿ ಬೀದಿಯ ಹನ್ನೊಂದು ಮನೆಯ ಹೆಂಗಸರೂ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ, ಇವತ್ತು ದೊಡ್ಡ ದಿನ, ನಮ್ಮದೂ ಇರಲಿ ಅಂತ ಒಂದೊಂದು ಚಮಚ ಹಾಕಿ ಬಂದಿದ್ದರು! ನಮ್ಮಮ್ಮನೂ ಸೇರಿ. ಪ್ರತಿಯೊಬ್ಬರಿಗೂ ಬಸ್ಸು ಕೆಟ್ಟದ್ದು ತನ್ನ ಚಮಚದಿಂದಲೇ ಅನ್ನುವ ಅನುಮಾನ. ಒಬ್ಬೊಬ್ಬರೇ ಕಾಫಿಪುಡಿ ಕೇಳುವ ನೆಪದಲ್ಲೋ, ಹಪ್ಪಳ ಕೊಡುವ ನೆಪದಲ್ಲೋ ಎದುರುಮನೆಗೆ ಹೋಗಿ, "ಡ್ರೈವರ್ರೇ, ನನ್ನಿಂದ ತಪ್ಪಾಯ್ತು" ಅಂತ ಕಣ್ಣೀರು ಹಾಕಿ ಬಂದರು. ಎಲ್ಲರಿಗೂ ಅವರದ್ದು ಒಂದೇ ಉತ್ತರ, "ಒಂದು ಚಮಚದಿಂದ ಏನಾಗುತ್ತೆ ಬಿಡಿ ತಾಯೀ." ಅವರ ಹೆಂಡತಿ ನಮ್ಮಮ್ಮನ ಹತ್ತಿರ ಇದನ್ನೆಲ್ಲ ಹೇಳಿಕೊಂಡು ನಕ್ಕದ್ದೇ ನಕ್ಕದ್ದು. ಹನ್ನೊಂದು ಜನ ಬಂದು ಹೋದ ಮೇಲೆ ಮಾಮ ಬೆರಳಲ್ಲಿ ಎಣಿಸಿ, "ಹನ್ನೊಂದು ಚಮಚಕ್ಕೆ ಅಷ್ಟು ಗಟ್ಟಿ ಆಗಲ್ಲವಲ್ಲೇ" ಅಂದರಂತೆ. ಅಮ್ಮ ನಗುತ್ತಾ ಬಂದು ಇದನ್ನು ಹೇಳಿದಾಗ ನಾನು ಊಟ ಮಾಡುತ್ತಿದ್ದೆ. ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟೆ.

ನಾಳೆ ಹೋಗಿ ಹೇಳೋಣ ಅಂದುಕೊಂಡೆ. ನಾಳೆ ಭಾನುವಾರಕ್ಕೆ ಹೋಯಿತು, ಭಾನುವಾರ ಹಬ್ಬ ಕಳೆದ ಮೇಲೆ ಅಂತಾಯಿತು. ಹೀಗೇ ಎರಡು ವರ್ಷ ಕಳೆದು, ಅವರು ರಿಟೈರಾಗಿ ಕೆಂಗೇರಿಯ ಕಡೆ ಮನೆ ಮಾಡಿಕೊಂಡು ಹೋದರು. ಸಾಮಾನಿನ ಗಾಡಿ ಹೊರಡುವಾಗ ಗೇಟಿನಲ್ಲಿ ನಿಂತು ಕೈಬೀಸಿದೆ. ಹನ್ನೆರಡನೆಯವಳು ನಾನೇ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಉಳಿಯಿತು.

ಆಮೇಲೆ ಒಂದೇ ಒಂದು ಸಲ ಅವರನ್ನು ನೋಡಿದೆ. ಎಷ್ಟೋ ವರ್ಷಗಳ ಮೇಲೆ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತಿದ್ದರು. ನನ್ನ ಗುರುತು ಹಿಡಿದು, "ಏನಮ್ಮಾ, ಇನ್ನೂ ಕೆಲಸಕ್ಕೆ ಹೋಗ್ತಾ ಇದೀಯಾ?" ಅಂದರು.

"ಹೂಂ ಮಾಮ. ಸೂಪರಿಂಟೆಂಡೆಂಟ್ ಆಗಿದೀನಿ" ಅಂದೆ.

ಆ ಮುಖ ಅರಳಿದ್ದನ್ನು ಹೇಗೆ ಹೇಳಲಿ. "ಭೇಷ್! ಹಾಗಾದ್ರೆ ಸರಿಹೋಯ್ತು ಬಿಡು" ಅಂದರು.

ಏನು ಸರಿಹೋಯಿತು ಅಂತ ಕೇಳಲಿಲ್ಲ. ಅವರ "ಇವಳು" ಹೋದದ್ದಕ್ಕೆ ನನ್ನ ಕೆಲಸವಾದರೂ ಉಳಿಯಿತಲ್ಲ ಅಂತ, ಅಷ್ಟು ನನಗೆ ಗೊತ್ತಾಯಿತು. ಪಕ್ಕದಲ್ಲಿ ಕೂತು "ಮಾಮ, ನಿಮಗೊಂದು ವಿಷಯ ಹೇಳಬೇಕಿತ್ತು" ಅಂತ ಶುರು ಮಾಡಿದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಅವತ್ತು ಹತ್ತು ಗಂಟೆಗೆ ಆಫೀಸಿನಲ್ಲಿ ಯಾವುದೋ ಮೀಟಿಂಗು. ಯಾವುದು ಅಂತ ಈಗ ನೆನಪೂ ಇಲ್ಲ. "ಹೋಗು ಹೋಗು, ಲೇಟಾಗುತ್ತೆ. ಇನ್ನೊಂದಿನ ಹೇಳುವಿಯಂತೆ" ಅಂತ ಅವರೇ ನನ್ನನ್ನು ಎಬ್ಬಿಸಿ ಕಳಿಸಿದರು. ನಾನು ಓಡಿ ಹೋಗಿ ಬಸ್ ಹತ್ತಿದೆ. ಆ ಇನ್ನೊಂದು ದಿನಕ್ಕೆ ಮುಂಚೆಯೇ ಅವರು ಹೋಗಿಬಿಟ್ಟರು ಅಂತ ಹುಬ್ಬಳ್ಳಿ ಅಕ್ಕನಿಂದ ಸುದ್ದಿ ಬಂತು.

ಈಗ ನಮ್ಮ ಕಡೆ ಮೆಟ್ರೋ ಓಡುತ್ತದೆ. ಒಂದು ಹೋದರೆ ಹಿಂದೆಯೇ ಇನ್ನೊಂದು. ಮೊನ್ನೆ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದಾಗ ಮೂರು ರೈಲು ಬಂದು ಹೋದವು, ನಾನು ಏಳಲೇ ಇಲ್ಲ. ಮೊಮ್ಮಗಳು "ಅಜ್ಜಿ, ಲೇಟಾಗಲ್ವಾ?" ಅಂತ ಕೇಳಿದಳು. ಇಲ್ಲ ಮಗೂ ಅಂದೆ. ಮೂವತ್ತೈದು ವರ್ಷ ಆಫೀಸಿಗೆ ಹೊತ್ತಿಗೆ ಸರಿಯಾಗಿ ಹೋದೆ ಅಂತ ನನಗೆ ಶಾಲು ಹೊದಿಸಿ ಕಳಿಸಿಕೊಟ್ಟರು.  

ಒಂದು ದಿನ, ಆ ಒಂದೇ ಒಂದು ದಿನ, ಹತ್ತು ನಿಮಿಷ ತಡವಾಗಿ ಹೋಗಬಹುದಿತ್ತು ನಾನು.